ನಾರಿಬಲವರ್ಧಿತ ತೊಟ್ಟಿ

ನಾಲ್ಕನೆಯ ಸಲವೂ ತೊಟ್ಟಿ ಒಡೆಯಲಿಲ್ಲ.

ಮೂರನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ನಿಂತು ಅಂಟಣ್ಣ ಅದನ್ನು ಎರಡೂ ಕೈಯಿಂದ ಎತ್ತಿ, ಕಂಬಿಯ ಆಚೆಗೆ ಹಿಡಿದು, ಕೆಳಗೆ ಅಂಗಳದಲ್ಲಿ ಯಾರೂ ಇಲ್ಲವೆಂದು ಒಮ್ಮೆ ನೋಡಿ, ನಂಬಿಕೆ ಬರದೆ ಇನ್ನೊಮ್ಮೆ ನೋಡಿ, ಕೈಬಿಟ್ಟ. ತೊಟ್ಟಿ ಗಾಳಿಯಲ್ಲಿ ಒಂದು ಸುತ್ತು ಹೊರಳಿತು. ಸಿಮೆಂಟು ನೆಲಕ್ಕೆ ಮೂಲೆ ಮುಂದಾಗಿ ಬಡಿದು, ಮೊಲದ ಹಾಗೆ ಎರಡು ಸಲ ಕುಪ್ಪಳಿಸಿ, ಸೈಕಲ್ಲುಗಳ ಪಕ್ಕ ಹೋಗಿ ಬೋರಲು ಬಿತ್ತು. ಅಂಟಣ್ಣ ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತ ಇಳಿದ. ನಾಲ್ಕೂ ಮೂಲೆಗಳನ್ನು ಬೆರಳಿನಿಂದ ಸವರಿದ. ಬಿರುಕಿಲ್ಲ. ಕಿವಿಯಿಟ್ಟು ತಟ್ಟಿ ಕೇಳಿದ. ಟಣ್ ಎಂದಿತು. ಜೇಬಿನಿಂದ ಚಿಕ್ಕ ಪುಸ್ತಕ ತೆಗೆದು ‘ನಾಲ್ಕು: ಇಲ್ಲ’ ಎಂದು ಬರೆದುಕೊಂಡ.

“ಏನು ನಡೀತಿದೆ ಇಲ್ಲಿ?”

ಕೆಳಗಿನ ಮನೆಯ ಬಾಗಿಲಲ್ಲಿ ಗುಮಾಸ್ತರು ನಿಂತಿದ್ದರು. ಕೋರ್ಟಿನಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಹಾಲಿನ ಪ್ಯಾಕೆಟ್ ಸೋರಿದರೂ ಅದರ ಹಿಂದೆ ಯಾರ ಕೈವಾಡವಿದೆ ಎಂದು ಯೋಚಿಸುವ ಅಭ್ಯಾಸ ಅವರನ್ನು ಬಿಟ್ಟುಹೋಗಿರಲಿಲ್ಲ. ಅವರ ಅಂಗಿಯ ಜೇಬಿನಿಂದ ಕಂದು ಬಣ್ಣದ ಲಕೋಟೆಯೊಂದು ಇಣುಕುತ್ತಿತ್ತು.

“ಒಡೆಯುತ್ತಾ ಅಂತ ನೋಡ್ತಿದ್ದೆ ಸಾರ್,” ಎಂದ ಅಂಟಣ್ಣ.

“ಒಡೀತಾ?”

“ಎಲ್ಲಿ ಒಡೆಯುತ್ತೆ? ಒಳಗೆ ಹಾಕಿರೋದು ಹಾಗಿದೆ.”

ಗುಮಾಸ್ತರು ಜೇಬನ್ನು ಮುಟ್ಟಿ ನೋಡಿಕೊಂಡರು. “ಒಳಗೆ… ಏನು ಹಾಕಿದ್ದೀಯ?”

“ಅದು ಮಾತ್ರ ಕೇಳಬೇಡಿ. ಕಚೇರಿಯವರಿಗೆ ಬಿಟ್ಟು ಬೇರೆ ಯಾರಿಗೂ ಬಾಯಿ ಬಿಡೋ ಹಾಗಿಲ್ಲ.”

“ಅದಿರಲಿ. ನಿನ್ನ ಹೆಂಡತಿ ಕಾಣ್ತಿಲ್ಲವಲ್ಲ? ಎಂಟು ದಿನ ಆಯ್ತು.”

“ಅವಳಾ?” ಅಂಟಣ್ಣ ಪ್ರೀತಿಯಿಂದ ತೊಟ್ಟಿಯ ಬೆನ್ನು ತಟ್ಟಿದ. “ಅವಳ ಶ್ರಮ ಎಲ್ಲ ಇದರಲ್ಲೇ ಇದೆ ಸಾರ್. ಮೂರು ವರ್ಷ ದಿನಾ ಇದರ ಜೊತೆ ಗುದ್ದಾಡಿದ್ದಾಳೆ. ಈಗ ಪಾಪ, ವಿಶ್ರಾಂತಿ.”

“ವಿಶ್ರಾಂತಿ,” ಎಂದು ಗುಮಾಸ್ತರು ಮೆಲ್ಲಗೆ ಪುನರುಚ್ಚರಿಸಿದರು. ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಒಂದಲ್ಲ, ಎರಡು ಚಿಲಕದ ಸದ್ದು ಕೇಳಿಸಿತು.

ಅಂಟಣ್ಣ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದು ಅವನ ಹೆಂಡತಿ ಬಟ್ಟೆ ಒಗೆಯುವ ತೊಟ್ಟಿ. ಅವಳು ಮಂಡಿ ಶಸ್ತ್ರಚಿಕಿತ್ಸೆಯಾದ ಅಕ್ಕನನ್ನು ನೋಡಿಕೊಳ್ಳಲು ಹೋಗಿದ್ದಳು. ಅಲ್ಲಿ ಸಿಗುವುದು ವಿಶ್ರಾಂತಿಯಲ್ಲ ಎಂಬುದು ಅವಳಿಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಅಷ್ಟೇ ವ್ಯತ್ಯಾಸ.

ಅವನು ಕೆಲಸ ಮಾಡುವುದು ಫೈಬರ್ ತೊಟ್ಟಿಗಳ ಕಾರ್ಖಾನೆಯಲ್ಲಿ. ಅಚ್ಚಿನ ಮೇಲೆ ಗಾಜಿನ ಎಳೆಗಳ ಬಿಳಿ ಚಾಪೆ ಹಾಸಿ, ಅದಕ್ಕೆ ಜೇನಿನಂಥ ರೆಸಿನ್ ಬಳಿದು, ಗಟ್ಟಿಯಾಗಲು ಬಿಟ್ಟು, ಮತ್ತೆ ಹಾಸಿ, ಮತ್ತೆ ಬಳಿಯುವುದು. ಹತ್ತೊಂಬತ್ತು ವರ್ಷ ಇದನ್ನೇ ಮಾಡಿ ಅವನ ಕೈ ಯಾವಾಗಲೂ ಅಂಟು. ಕೈಕುಲುಕಿದವರು ತಮ್ಮ ಕೈಯನ್ನು ಸ್ವಲ್ಪ ಎಳೆದು ವಾಪಸ್ ಪಡೆಯಬೇಕಾಗುತ್ತಿತ್ತು. ಹೆಸರು ಹಾಗೆ ಬಂದದ್ದು. ಕಾರ್ಖಾನೆಯಲ್ಲಿ ಮ್ಯಾನೇಜರಿನಿಂದ ಹಿಡಿದು ನೆಲ ಗುಡಿಸುವವನವರೆಗೆ ಎಲ್ಲರೂ “ಅಂಟಣ್ಣ, ಬಾ ಇಲ್ಲಿ” ಎನ್ನುವವರೇ. ದಿನಾ ಕಾಣುವವರಲ್ಲಿ ಅವನಿಗೆ ಬಹುವಚನ ಕೊಡುತ್ತಿದ್ದವಳು ಹೆಂಡತಿಯೊಬ್ಬಳೇ. ಮನೆಯಲ್ಲಿ ಸಿಗುವ ಗೌರವವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ ಅವನೂ ಹಿಡಿದಿರಲಿಲ್ಲ.

ಫೈಬರ್ ತೊಟ್ಟಿಗೆ ಸಾವು ಮೂಲೆಯಿಂದಲೇ ಬರುತ್ತದೆ. ಕಾರ್ಖಾನೆಯ ತೊಟ್ಟಿಗಳೆಲ್ಲ ಒಂದು ವರ್ಷದೊಳಗೆ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು ಅಳುತ್ತಿದ್ದವು. ಆದರೆ ಮೂರು ವರ್ಷದ ಹಿಂದೆ ಅವನು ಮನೆಯ ಬಾಲ್ಕನಿಯಲ್ಲಿ, ಉಳಿದುಬಳಿದ ಸಾಮಾನಿನಿಂದ, ಒಂದು ಭಾನುವಾರ ಮಾಡಿದ ಈ ತೊಟ್ಟಿ ಮಾತ್ರ ಒಡೆಯಲಿಲ್ಲ. ಕಾಸಿದ ನೀರು ಹೊಯ್ದರೂ ಇಲ್ಲ, ಮೆಟ್ಟಿಲಿಂದ ಉರುಳಿದರೂ ಇಲ್ಲ. ಯಾಕೆ? ಈ ‘ಯಾಕೆ’ ಅಂಟಣ್ಣನ ತಲೆಗೆ ಅಂಟಿಕೊಂಡಿತು. ಆ ದಿನ ರೆಸಿನ್ನನ್ನು ಎಡಗೈಯಲ್ಲಿ ಕಲಸಿದ್ದು ನೆನಪಾಯಿತು. ರೆಸಿನ್ ಗಟ್ಟಿಯಾಗಲು ಹಾಕುವ ಹಾರ್ಡನರ್ ಎರಡು ಹನಿ ಹೆಚ್ಚು ಬಿದ್ದದ್ದು ನೆನಪಾಯಿತು. ಇದು ಆವಿಷ್ಕಾರ ಎಂದು ತೀರ್ಮಾನವಾಯಿತು.

ಪೇಟೆಂಟ್ ಅರ್ಜಿಯಲ್ಲಿ ಫೈಬರ್, ರೆಸಿನ್ ಎಂದೆಲ್ಲ ಕಾರ್ಖಾನೆಯ ಮಾತು ಬರೆದರೆ ಯಾರು ಮರ್ಯಾದೆ ಕೊಡುತ್ತಾರೆ? ನಿಘಂಟು ತಂದ. ರೆಸಿನ್ ‘ರಾಳ’ವಾಯಿತು. ಫೈಬರ್ ‘ನಾರು’ ಆಯಿತು. ಒಟ್ಟು ಸೇರಿ ‘ನಾರುಬಲವರ್ಧಿತ ರಾಳದ ತೊಟ್ಟಿ’ ಎಂಬ, ಬಾಯ್ತುಂಬ ನೀರು ತುಂಬಿಕೊಂಡಂಥ ಹೆಸರು ಹುಟ್ಟಿತು. ಏಳು ಪುಟ ಕೈಯಲ್ಲಿ ಬರೆದು, ಬೀದಿ ಕೊನೆಯ ಟೈಪಿಂಗ್ ಅಂಗಡಿಯಲ್ಲಿ ಕೊಟ್ಟು, ಅಚ್ಚಾದದ್ದನ್ನು ಓದದೆ ಸಹಿ ಹಾಕಿ ಕಳಿಸಿದ. ತಾನೇ ಬರೆದದ್ದನ್ನು ತಾನೇ ಓದುವುದು ಅನುಮಾನದ ಲಕ್ಷಣ ಎಂದು ಅವನ ಭಾವನೆ.

ಅದೇ ದಿನ ಮನೆ ಬಾಗಿಲಿಗೆ ಬೋರ್ಡು ಬಿತ್ತು. ಹಲಗೆಯ ಅಗಲ ಸಾಲದೆ ಹೆಸರಿಗೆ ಜಾಗ ಉಳಿಯಲಿಲ್ಲ. ‘ಆವಿಷ್ಕಾರಕರು’ ಎಂದಷ್ಟೇ ಇತ್ತು. ಮೊಳೆ ಹೊಡೆಯದೆ ತನ್ನದೇ ರಾಳದಲ್ಲಿ ಅಂಟಿಸಿದ್ದ. ಮಾರನೆಯ ದಿನ ಮನೆ ಓನರಮ್ಮ ಉಳಿ ಹಾಕಿ ಕೀಳಲು ಹೋದರು. ಉಳಿಯ ಬಾಯಿ ಮುರಿಯಿತು. ಬೋರ್ಡು ಅಲುಗಲಿಲ್ಲ.

“ಬಾಗಿಲು ನಂದು, ಬೋರ್ಡು ನಿಂದು,” ಎಂದಿದ್ದರು ಓನರಮ್ಮ. “ಪೇಟೆಂಟು ಬಂತೋ, ಇರಲಿ. ಬರಲಿಲ್ಲವೋ, ಆ ಬಾಗಿಲನ್ನೇ ಕಿತ್ತು ತಲೆ ಮೇಲೆ ಹೊತ್ಕೊಂಡು ಹೋಗ್ತೀಯ. ಎಲ್ಲರೂ ನೋಡೋ ಹಾಗೆ, ಹಗಲಲ್ಲಿ.”

ಆ ಬಾಗಿಲನ್ನು ಹೊತ್ತು ಬೀದಿಯಲ್ಲಿ ನಡೆಯುವ ಚಿತ್ರ ಅಂಟಣ್ಣನ ಕಣ್ಣ ಮುಂದೆ ಆಗಾಗ ಬರುತ್ತಿತ್ತು. ಅದರಲ್ಲಿ ‘ಆವಿಷ್ಕಾರಕರು’ ಎಂಬ ಅಕ್ಷರ ಯಾವಾಗಲೂ ಜನರ ಕಡೆಗೇ ತಿರುಗಿರುತ್ತಿತ್ತು.

ಗುಮಾಸ್ತರ ಚಿಲಕದ ಸದ್ದು ಕೇಳಿ ಅರ್ಧ ಗಂಟೆಯಾಗಿರಬೇಕು. ಅಂಟಣ್ಣ ಐದನೆಯ ಸಲಕ್ಕೆ ತೊಟ್ಟಿ ಎತ್ತುತ್ತಿದ್ದಾಗ ಮೂರು ಜನ ಮೆಟ್ಟಿಲು ಹತ್ತಿ ಬಂದರು. ಮುಂದೆ ಗುಮಾಸ್ತರು, ಹಿಂದೆ ಓನರಮ್ಮ, ನಡುವೆ ಒಬ್ಬ ಪೊಲೀಸಿನವನು. ಪೊಲೀಸಿನವನ ಕೈಯಲ್ಲಿ ಆ ಕಂದು ಲಕೋಟೆ ಇತ್ತು.

“ತೊಟ್ಟಿ ಕೆಳಗಿಡು,” ಎಂದ ಪೊಲೀಸಿನವನು. “ನಿಧಾನವಾಗಿ.”

“ಅಂಚೆಯವನು ನನ್ನ ಮನೆಗೆ ಹಾಕಿದ್ದ,” ಎಂದರು ಗುಮಾಸ್ತರು. “ತಪ್ಪಿ ಒಡೆದೆ. ಒಡೆದ ಮೇಲೆ ಓದದೇ ಇರೋದು ಕಾನೂನಿನ ಪ್ರಕಾರ ನಿರ್ಲಕ್ಷ್ಯ ಆಗುತ್ತೆ.”

“ಪೇಟೆಂಟ್ ಕಚೇರಿ ಕಾಗದವಾ?” ಅಂಟಣ್ಣ ಕುಣಿದುಬಿಟ್ಟ. “ಪರೀಕ್ಷಾ ವರದಿ ಬಂತಾ? ಓದಿ ಸಾರ್, ಓದಿ!”

ಪೊಲೀಸಿನವನಿಗೆ ಇಷ್ಟು ಉತ್ಸಾಹದ ಆಸಾಮಿ ಇದುವರೆಗೆ ಸಿಕ್ಕಿರಲಿಲ್ಲ. ಅವನು ಸಾಲಿನ ಕೆಳಗೆ ಬೆರಳಿಟ್ಟು ಓದಿದ. “‘ಒಂದು. ನಾರಿಯನ್ನು ರಾಳದಲ್ಲಿ ಮುಳುಗಿಸುವ ಮುನ್ನ ಎಷ್ಟು ಉದ್ದಕ್ಕೆ ಕತ್ತರಿಸಲಾಯಿತು?’”

ಅಂಟಣ್ಣನ ಕಿವಿ ತನಗೆ ಬೇಕಾದ್ದನ್ನು ಕೇಳಿಸಿಕೊಂಡಿತು. “ಒಂದು ಮೊಳ ಸಾರ್! ಅದಕ್ಕಿಂತ ಚಿಕ್ಕದು ಮಾಡಿದ್ರೆ ಹಿಡಿತ ಸಿಗಲ್ಲ.”

ಓನರಮ್ಮ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

“‘ಎರಡು. ಕತ್ತರಿಸಿದ ನಾರಿಯನ್ನು ಒಣಗಿಸಲಾಯಿತೇ? ಎಲ್ಲಿ?’”

“ಬಾಲ್ಕನಿಯಲ್ಲಿ. ಎರಡು ದಿನ. ಇವರೆಲ್ಲ ನೋಡಿದ್ದಾರೆ ಬೇಕಾದ್ರೆ ಕೇಳಿ.”

“ನಾನು ನೋಡಿಲ್ಲ!” ಎಂದರು ಗುಮಾಸ್ತರು. “ನಾನು ಏನೂ ನೋಡಿಲ್ಲ ಅಂತ ಬರ್ಕೊಳ್ಳಿ.”

“‘ಮೂರು. ಹಳೆಯ ನಾರಿಯನ್ನು ಬಳಸಬಹುದೇ, ಅಥವಾ ಹೊಸದೇ ಆಗಬೇಕೇ?’”

“ಹಳೇದು ಆಗೋದೇ ಇಲ್ಲ. ಮುಟ್ಟಿದ್ರೆ ಪುಡಿಪುಡಿ. ಹೊಸದಾದ್ರೆ ಮೆತ್ತಗೆ, ಹೇಳಿದ ಹಾಗೆ ಬಗ್ಗುತ್ತೆ.”

“ಅಯ್ಯೋ ಆ ಹೆಣ್ಣುಮಗಳೇ,” ಎಂದು ಓನರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. “ಮೊನ್ನೆ ಮೊನ್ನೆ ನನ್ನ ಹತ್ರ ಸೂಜಿ ಇಸ್ಕೊಂಡು ಹೋಗಿದ್ಲು.”

ಪೊಲೀಸಿನವನು ಗಂಟಲು ಸರಿಪಡಿಸಿಕೊಂಡ. “‘ನಾಲ್ಕು. ನಾರಿಯಿಂದ ಬಲಪಡಿಸಿದ ತೊಟ್ಟಿಗಳು ಈ ಮೊದಲೇ ಬಹಳ ಮನೆಗಳಲ್ಲಿ ಇವೆ. ನಿಮ್ಮದರಲ್ಲಿ ಹೊಸತೇನು?’”

“ಕೇಳಿದ್ರಾ?” ಎಂದರು ಗುಮಾಸ್ತರು. “ಬಹಳ ಮನೆಗಳಲ್ಲಿ! ಸರ್ಕಾರಕ್ಕೇ ಗೊತ್ತಿದೆ. ಇವನು ಅದಕ್ಕೆ ಪೇಟೆಂಟ್ ಬೇರೆ ಕೇಳ್ತಿದ್ದಾನೆ.”

“ಈಗ ನೇರವಾಗಿ ಕೇಳ್ತೀನಿ,” ಎಂದ ಪೊಲೀಸಿನವನು. “ಉಳಿದಿರೋದು ಎಲ್ಲಿದೆ?”

“ಅರ್ಧ ಉಳಿದಿದೆ ಸಾರ್. ಮಂಚದ ಕೆಳಗೆ ಸುತ್ತಿಟ್ಟಿದ್ದೀನಿ.”

ಪೊಲೀಸಿನವನು ಟೋಪಿ ಸರಿಮಾಡಿಕೊಂಡು, ‘ಆವಿಷ್ಕಾರಕರು’ ಎಂಬ ಬೋರ್ಡಿನ ಕೆಳಗೆ ಹಾದು, ಒಳಗೆ ಹೋಗಿ, ಮಂಡಿಯೂರಿ ಮಂಚದ ಕೆಳಗೆ ಕೈ ಹಾಕಿದ. ಅವನು ಎಳೆದದ್ದು ಬಿಳಿಯ ಚಾಪೆಯೊಂದರ ಸುರುಳಿ. ಬಿಚ್ಚಿದ. ಕೊಡವಿದ. ಒಳಗೆ ಯಾರೂ ಇರಲಿಲ್ಲ.

“ಇದೇನು?”

“ನಾರು.”

“ನಾರಿ ಎಲ್ಲಿ?”

“ಯಾವ ನಾರಿ?”

ಕಾಗದ ಕೈಯಿಂದ ಕೈಗೆ ದಾಟಿತು. ಅಂಟಣ್ಣ ಮೊದಲ ಸಲ ಅದನ್ನು ಕಣ್ಣಿಂದ ಓದಿದ. ಅವನ ಮುಖದಲ್ಲಿದ್ದ ಬಣ್ಣ ಒಂದೊಂದು ಸಾಲಿಗೆ ಸ್ವಲ್ಪ ಸ್ವಲ್ಪವಾಗಿ ಇಳಿದುಹೋಯಿತು.

ಮೆರವಣಿಗೆ ಟೈಪಿಂಗ್ ಅಂಗಡಿಗೆ ಹೊರಟಿತು. ಪೊಲೀಸಿನವನು ಅಂಟಣ್ಣನ ತೋಳು ಹಿಡಿದಿದ್ದ. ಹಿಡಿದ ಮೇಲೆ ಬಿಡುವುದು ಕಷ್ಟವಾಗಿದ್ದರಿಂದ ಹಾಗೇ ಹಿಡಿದುಕೊಂಡೇ ಇದ್ದ.

ಟೈಪಿಂಗ್ ಅಂಗಡಿಯವನು ಕಾಗದ ನೋಡಿ ಗಾಬರಿಯಾಗಲಿಲ್ಲ. ತನ್ನ ಕೆಲಸ ಗುರುತಿಸಿದವರನ್ನು ಕಂಡ ಹಾಗೆ ಹಿಗ್ಗಿದ.

“ನಾನೇ ತಿದ್ದಿದ್ದು! ಅಲ್ಲ ಸಾರ್, ನೀವು ಬರೆದಿದ್ದನ್ನ ಓದಿ ನನಗೇ ಮುಜುಗರ ಆಯ್ತು. ಪುಟಪುಟಕ್ಕೂ ನಾರು, ನಾರು, ನಾರು. ಸರ್ಕಾರಿ ಕಚೇರಿಗೆ ಹೋಗೋ ಕಾಗದ. ನಮ್ಮ ತೊಟ್ಟಿ ನಾರುತ್ತೆ ಅಂತ ನಾವೇ ಬರೆದುಕೊಡೋದಾ? ನಿಮಗೆ ಅವಮಾನ ಆಗಬಾರದು ಅಂತ ಕೊಂಬು ತೆಗೆದು ಗುಡಿಸು ಕೊಟ್ಟೆ. ನಲವತ್ತೊಂದು ಕಡೆ. ‘ನಾರಿನ’ ಇದ್ದಲ್ಲೆಲ್ಲ ‘ನಾರಿಯ’ ಅಂತ ವ್ಯಾಕರಣಾನೂ ಸರಿಮಾಡಿದೆ. ಹೆಣ್ಣಿಗೆ ಮರ್ಯಾದೆ ಕೊಟ್ಟ ಹಾಗೂ ಆಯ್ತು.”

“ಗಾಜಿನ ನಾರಿ ಅಂತ ಇದ್ಯಲ್ಲೋ ಇಲ್ಲಿ!” ಎಂದು ಅಂಟಣ್ಣ ಕೂಗಿದ.

“ನಾಜೂಕು ಅಂತ ಹೇಳ್ತಿದ್ದೀರಿ ಅಂದ್ಕೊಂಡೆ.”

ಪೊಲೀಸಿನವನು ಪುಸ್ತಕ ಮುಚ್ಚಿದ. “ಒಂದು ಕೊಂಬಿನಿಂದ ಆದ ಕೇಸು,” ಎಂದ ಬೇಸರದಿಂದ. ಆದರೆ ಗುಮಾಸ್ತರು ಸೋಲೊಪ್ಪಲಿಲ್ಲ. “ಅಕ್ಷರ ತಪ್ಪಿರಬಹುದು. ಆದರೆ ಹೆಂಡತಿ? ಹೆಂಡತಿ ಎಲ್ಲಿ?”

ಎಲ್ಲರೂ ಮತ್ತೆ ಅಂಟಣ್ಣನ ಕಡೆ ತಿರುಗಿದರು. ಅಕ್ಕನ ಮನೆಗೆ ಫೋನ್ ಮಾಡಿದರು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದರು. ಎತ್ತಲಿಲ್ಲ. ಅಂಟಣ್ಣನಿಗೂ, ಯಾಕೋ, ತಾನೇನಾದರೂ ಮಾಡಿರಬಹುದೇ ಎಂದು ಒಂದು ಕ್ಷಣ ಅನುಮಾನ ಬಂತು.

ವಾಪಸ್ ಬಂದಾಗ ಅಂಗಳದಲ್ಲಿ ಒಬ್ಬಳು ಬ್ಯಾಗನ್ನು ಪಕ್ಕಕ್ಕಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಬಸ್ಸಿಳಿದು ಆಗತಾನೇ ಬಂದಿದ್ದಳು.

“ರೀ, ನನ್ನ ತೊಟ್ಟಿ ಯಾಕೆ ಮೆಟ್ಟಿಲ ಮೇಲಿದೆ? ಇವರೆಲ್ಲ ಯಾಕೆ ನನ್ನನ್ನ ಹೀಗೆ ನೋಡ್ತಿದ್ದಾರೆ?”

“ಬದುಕಿದ್ದೀಯಾ!” ಎಂದು ಓನರಮ್ಮ ಅವಳ ಕೆನ್ನೆ ಮುಟ್ಟಿ ನೋಡಿದರು. “ಎಲ್ಲಾ ಸರಿಯಾಗಿದೆಯಾ? ಬೆರಳು ಎಲ್ಲಾ ಇದೆಯಾ?”

ಅವಳು ಕಾಗದ ತೆಗೆದುಕೊಂಡು ನಿಂತಲ್ಲೇ ಪೂರ್ತಿ ಓದಿದಳು. ಗಂಡ ಹತ್ತು ಸಲ “ಅದು ಅಕ್ಷರ ದೋಷ ಕಣೇ, ನಲವತ್ತೊಂದು ಕಡೆ” ಎಂದ. ಅವಳು ತಲೆಯೆತ್ತಲಿಲ್ಲ.

“ನಲವತ್ತೊಂದು ಸಲ ಬರೆದಿದ್ದೀರಂತೆ,” ಎಂದಳು ಕೊನೆಗೆ. “ಮದುವೆಯಾಗಿ ಇಷ್ಟು ವರ್ಷದಲ್ಲಿ ನೀವು ನನ್ನ ಹೆಸರು ನಲವತ್ತೊಂದು ಸಲ ಕರೆದಿಲ್ಲ.”

“ಇಲ್ಲಿ ಕೊನೇಲಿ ಇನ್ನೊಂದಿದೆ,” ಎಂದು ಪೊಲೀಸಿನವನು ಬೆರಳಿಟ್ಟ. “‘ಗುರುವಾರದ ವಿಚಾರಣೆಗೆ ಹಳೆಯ ತೊಟ್ಟಿ, ಅರ್ಜಿಯಲ್ಲಿ ಬರೆದ ಕ್ರಮದಂತೆಯೇ ಮಾಡಿದ ಹೊಸ ತೊಟ್ಟಿ, ಹಾಗೂ ನಾರಿಯ ಒಂದು ಮಾದರಿಯನ್ನು ಹಾಜರುಪಡಿಸತಕ್ಕದ್ದು.’ ಅಮ್ಮಾ, ನೀವು ಹೋಗಿಬಿಡಿ. ತಕ್ಕದ್ದು ಅಂದಮೇಲೆ ತಕ್ಕದ್ದು.”

“ಹೋಗ್ತೀನಿ,” ಎಂದಳು ಅವಳು. “ನನ್ನ ತೊಟ್ಟಿ ಎಲ್ಲಿಗೆ ಹೋಗುತ್ತೋ ನಾನೂ ಅಲ್ಲಿಗೆ ಹೋಗ್ತೀನಿ.”

ಗುರುವಾರದೊಳಗೆ ಅಂಟಣ್ಣ ಹೊಸ ತೊಟ್ಟಿ ಮಾಡಿದ. ಅರ್ಜಿಯ ಕೈಬರಹದ ಪ್ರತಿಯನ್ನು ಗೋಡೆಗೆ ಅಂಟಿಸಿಕೊಂಡು ಒಂದೊಂದೇ ಸಾಲು ಓದುತ್ತ, ಎಡಗೈಯಲ್ಲಿ ಕಲಸಿ, ಎರಡು ಹನಿ ಹೆಚ್ಚು ಹಾಕಿ ಮಾಡಿದ. ಹೆಂಡತಿ ಬಾಲ್ಕನಿಯ ಬಾಗಿಲಿಗೆ ಬಂದು, “ರೀ, ಮೂಲೆಗೆ…” ಎಂದಳು. “ಮಾತಾಡಿಸಬೇಡ, ಹನಿ ಎಣಿಸ್ತಿದ್ದೀನಿ,” ಎಂದ. ಅವಳು ಒಳಗೆ ಹೋದಳು.

ಪೇಟೆಂಟ್ ಕಚೇರಿಯಲ್ಲಿ ಅವರ ಸರದಿ ಬಂದಾಗ ಮಧ್ಯಾಹ್ನ ಮೂರೂವರೆ. ಕೋಣೆ ಚಿಕ್ಕದು. ಗೋಡೆಯುದ್ದಕ್ಕೂ ಕಪಾಟು, ಅದರಲ್ಲಿ ಜನ ತಂದು ಬಿಟ್ಟುಹೋದ ಮಾದರಿಗಳು: ತಾನೇ ಮಡಚಿಕೊಳ್ಳುವ ಕೊಡೆ, ಮಡಚಿದ್ದು ಬಿಚ್ಚದ ಕೊಡೆ, ಮೂರು ಕಾಲಿನ ಬಾಚಣಿಗೆ. ಮೇಜಿನ ಹಿಂದೆ ಪರೀಕ್ಷಕಿ ಕುಳಿತಿದ್ದರು. ಹೆಬ್ಬೆರಳಿಗೆ ಪುಟ ತಿರುಗಿಸುವ ರಬ್ಬರ್ ಟೋಪಿ, ಮೂಗಿನ ತುದಿಯಲ್ಲಿ ಕನ್ನಡಕ. ಬಾಗಿಲ ಬಳಿ ಕಚೇರಿಯ ಜವಾನ ಗರಗಸ ಮತ್ತು ಮರದ ಸುತ್ತಿಗೆ ಹಿಡಿದು ಸಿದ್ಧನಾಗಿದ್ದ.

“ಮೇಡಂ, ಮೊದಲೇ ಕ್ಷಮೆ ಕೇಳ್ತೀನಿ,” ಎಂದು ಅಂಟಣ್ಣ ಶುರುಮಾಡಿದ. “ಅದು ನಾರಿ ಅಲ್ಲ, ನಾರು. ನಾನು ಸರಿಯಾಗೇ ಬರೆದಿದ್ದೆ, ಟೈಪಿಂಗ್ ಅಂಗಡಿಯವನು ತಿದ್ದಿಬಿಟ್ಟ.”

“ಗೊತ್ತಿತ್ತು,” ಎಂದರು ಪರೀಕ್ಷಕಿ.

“ಗೊತ್ತಿತ್ತಾ? ಮತ್ತೆ ಹಾಗೇ ಯಾಕೆ ಬರೆದ್ರಿ ಮೇಡಂ? ನಮ್ಮ ಮನೆಗೆ ಪೊಲೀಸ್ ಬಂದಿದ್ದ.”

“ಅರ್ಜಿದಾರರ ಪದ ತಿದ್ದೋ ಅಧಿಕಾರ ನನಗಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬರು ‘ಗಾಳಿಯ ಗಾಡಿ’ ಅಂತ ಬರೆದಿದ್ರು. ಪಾಪ ಅಂತ ನಾನು ‘ಗಾಲಿಯ ಗಾಡಿ’ ಅಂತ ತಿದ್ದಿದೆ. ಆಮೇಲೆ ನೋಡಿದ್ರೆ ಆ ಮನುಷ್ಯನ ಗಾಡಿ ನಿಜವಾಗಿ ಗಾಳಿ ಮೇಲೇ ಓಡ್ತಿತ್ತು. ಅವತ್ತಿಂದ ನಾನು ಯಾರ ಅಕ್ಷರಾನೂ ಮುಟ್ಟಲ್ಲ. ಎಲ್ಲಿ, ತೊಟ್ಟಿ ತೋರಿಸಿ. ಹೊಸದು ಮೊದಲು.”

ಜವಾನ ಹೊಸ ತೊಟ್ಟಿಯ ಮೂಲೆಗೆ ಸುತ್ತಿಗೆಯಿಂದ ಬಡಿದ. ಒಂದು. ಎರಡು. ಮೂರನೆಯ ಏಟಿಗೆ ಮೂಲೆಯಲ್ಲಿ ಒಂದು ಬಿಳಿ ಗೆರೆ ಓಡಿತು, ನಾಲ್ಕನೆಯದಕ್ಕೆ ಮೂಲೆಯೇ ಬಾಯಿಬಿಟ್ಟಿತು.

ಅಂಟಣ್ಣನ ಕಣ್ಣಿಗೆ ಬಾಗಿಲು ಕಾಣಿಸಿತು. ತಲೆಯ ಮೇಲೆ ಬಾಗಿಲು, ಎರಡೂ ಕಡೆ ಜನ.

“ಹಳೇದು,” ಎಂದರು ಪರೀಕ್ಷಕಿ.

ಜವಾನ ಬಡಿದ. ಹತ್ತು ಏಟು. ಹದಿನೈದು. ಅಂಗಿಯ ತೋಳು ಮಡಚಿಕೊಂಡು ಇಪ್ಪತ್ತು. ಟಣ್, ಟಣ್ ಎಂದಿತೇ ಹೊರತು ತೊಟ್ಟಿ ಜಪ್ಪಯ್ಯ ಎನ್ನಲಿಲ್ಲ. ಇಪ್ಪತ್ತೆರಡನೆಯದಕ್ಕೆ ಸುತ್ತಿಗೆಯ ಹಿಡಿ ಸಡಿಲಾಯಿತು.

ಪರೀಕ್ಷಕಿ ಕನ್ನಡಕ ತೆಗೆದಿಟ್ಟರು. ಮೇಜು ಬಳಸಿ ಈಚೆ ಬಂದು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತರು. ಎಷ್ಟೋ ವರ್ಷದಿಂದ ಬಿಚ್ಚದ ಕೊಡೆಗಳನ್ನು ನೋಡಿ ಬೇಸತ್ತ ಆ ಮುಖದಲ್ಲಿ ಈಗ ಎಂಥದೋ ಬೆಳಕಿತ್ತು.

“ಅದೇ ರಾಳ?”

“ಅದೇ ಮೇಡಂ.”

“ಅದೇ ನಾರು? ಅದೇ ಕೈ?”

“ಎಲ್ಲಾ ಅದೇ. ಎಡಗೈ. ಎರಡು ಹನಿ ಹೆಚ್ಚು.”

“ಹಾಗಾದ್ರೆ ಯಾಕೆ?”

“ಅದೇ ನನಗೂ…” ಎಂದ ಅಂಟಣ್ಣ. “ಅವತ್ತು ಭಾನುವಾರ. ಇದು ಮಂಗಳವಾರ ಮಾಡಿದ್ದು. ಗಾಳಿ ದಿಕ್ಕು ಬೇರೆ ಇರಬಹುದು. ಅವತ್ತು ನಾನು ಸ್ವಲ್ಪ ಸಿಟ್ಟಲ್ಲೂ ಇದ್ದೆ ಮೇಡಂ, ಸಿಟ್ಟಲ್ಲಿ ಕಲಸಿದ್ರೆ…”

“ರೀ,” ಎಂದಳು ಹಿಂದಿನಿಂದ ಹೆಂಡತಿ.

“ಸುಮ್ನಿರೇ, ಇದು ತಾಂತ್ರಿಕ ವಿಷಯ.”

“ಕೊಯ್ದು ನೋಡೋದೇ ದಾರಿ,” ಎಂದರು ಪರೀಕ್ಷಕಿ. “ಮೂಲೆಯ ಒಳಗೆ ಏನೋ ಇದೆ.”

“ಕೊಯ್ಯೋದು ಬೇಡ, ನಾನು ಹೇಳ್ತೀನಿ…”

“ಸುಮ್ನಿರು ಅಂದ್ನಲ್ಲ!”

ಗರಗಸ ಓಡಿತು. ಬಿಳಿ ಪುಡಿ ಹಿಟ್ಟಿನಂತೆ ಹಾರಿ ಕೋಣೆಯ ತುಂಬ ಇಳಿಯಿತು. ಗಾಜಿನ ನಾರಿನ ಪುಡಿ ಮೈಗೆ ತಾಕಿದರೆ ಏನಾಗುತ್ತದೆಂದು ಅಂಟಣ್ಣನಿಗೆ ಗೊತ್ತಿತ್ತು, ಹೇಳುವುದು ಮರೆತಿದ್ದ. ಮೊದಲು ಜವಾನ ಕುತ್ತಿಗೆ ಕೆರೆದುಕೊಂಡ. ಆಮೇಲೆ ಪರೀಕ್ಷಕಿ ಮೊಣಕೈ. ಆಮೇಲಿನ ವಿಚಾರಣೆಯೆಲ್ಲ ನಾಲ್ವರೂ ಕೆರೆದುಕೊಳ್ಳುತ್ತಲೇ ನಡೆಯಿತು ಎಂಬುದು ಕಡತದಲ್ಲಿ ದಾಖಲಾಗಿಲ್ಲ.

ಮೂಲೆ ಕಳಚಿ ಬಂತು. ಪರೀಕ್ಷಕಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಜೇನು ಬಣ್ಣದ ರಾಳದೊಳಗೆ, ಗಾಜಿನಲ್ಲಿಟ್ಟಂತೆ, ಒಂದು ಜಡೆ ಮಲಗಿತ್ತು. ಮೂರು ಕಾಲಿನ ಬಿಗಿಯಾದ ಜಡೆ. ತುದಿಯಲ್ಲಿ ಎಳೆ ಬಿಚ್ಚಿಕೊಳ್ಳದ ಹಾಗೆ ಮಡಚಿ ಸಿಕ್ಕಿಸಿದ ಗಂಟು.

ಜವಾನ ಕೆರೆದುಕೊಳ್ಳುತ್ತಲೇ ಹತ್ತಿರ ಬಂದು ಬಗ್ಗಿ ನೋಡಿದ.

“ಇದು ನೀವು ಹಾಕಿದ್ದಾ?” ಎಂದು ಪರೀಕ್ಷಕಿ ಅಂಟಣ್ಣನನ್ನು ಕೇಳಿದರು.

ಅಂಟಣ್ಣ ತನ್ನ ದಪ್ಪ, ಅಂಟು ಬೆರಳುಗಳನ್ನು ನೋಡಿಕೊಂಡ. ಜಡೆಯನ್ನು ನೋಡಿದ. ತಿರುಗಿ ಹೆಂಡತಿಯ ಹೆಗಲ ಮೇಲೆ ಬಿದ್ದಿದ್ದ ಜಡೆಯ ತುದಿಯನ್ನು ನೋಡಿದ. ಅದೇ ಗಂಟು.

“ಅದನ್ನೇ ಹೇಳಕ್ಕೆ ಬಂದೆ,” ಎಂದಳು ಅವಳು. “ಇವರು ಅವತ್ತು ಚಾಪೆ ಹಾಸಿ ಅಂಟು ಬಳಿದು ಕಾಫಿ ಕುಡಿಯಕ್ಕೆ ಒಳಗೆ ಹೋದ್ರು. ಮೂಲೆಯಲ್ಲೆಲ್ಲ ಎಳೆ ಮುಳ್ಳಿನ ಹಾಗೆ ಎದ್ದು ನಿಂತಿತ್ತು. ಒಣಗಿದ ಮೇಲೆ ಚುಚ್ಚೋದು ಯಾರ ಕೈಗೆ? ಬಟ್ಟೆ ಒಗೆಯೋಳು ನಾನು. ಕೈಗೆ ಕವರ್ ಹಾಕ್ಕೊಂಡು, ಉದ್ದ ಎಳೆ ಎಲ್ಲ ಸೇರಿಸಿ ಜಡೆ ಹಾಕಿ, ಚಮಚದ ಹಿಂಭಾಗದಲ್ಲಿ ಮೂಲೆಗೆ ಅದುಮಿ, ಮೇಲೆ ಉಳಿದ ಅಂಟು ಹುಯ್ದೆ. ನಾಲ್ಕು ಮೂಲೆಗೆ ನಾಲ್ಕು. ಮೊದಲನೇದು ಸ್ವಲ್ಪ ಸಡಿಲ ಆಗಿತ್ತು, ಬಿಚ್ಚಿ ಮತ್ತೆ ಹಾಕಿದೆ.”

“ನನಗೆ ಹೇಳಬಾರದಿತ್ತಾ?” ಅಂಟಣ್ಣನ ಧ್ವನಿ ಒಡೆಯಿತು.

“ಹೇಳಿದೆ. ನೀವು ‘ಹೂಂ’ ಅಂದ್ರಿ.”

ಪರೀಕ್ಷಕಿ ಕುರ್ಚಿಗೆ ಮರಳಿ ಅರ್ಜಿಯನ್ನು ಎಳೆದುಕೊಂಡರು. ಏಳನೆಯ ಪುಟಕ್ಕೆ ಬಂದು ರಬ್ಬರ್ ಟೋಪಿಯ ಬೆರಳು ನಿಂತಿತು. ಅವರು ನಗುತ್ತಿದ್ದಾರೋ ತುರಿಕೆ ತಡೆದುಕೊಳ್ಳುತ್ತಿದ್ದಾರೋ ಗೊತ್ತಾಗುವಂತಿರಲಿಲ್ಲ.

“ನೀವು ಬರೆದಿದ್ದು, ‘ನಾರಿನ ಹೆಣಿಗೆಯಿಂದ ಮೂಲೆಗಳು ಬಲಗೊಳ್ಳುತ್ತವೆ’ ಅಂತ. ಅಂದ್ರೆ ಆ ಚಾಪೆ. ಅದು ಎಲ್ಲರಿಗೂ ಗೊತ್ತಿರೋದೇ, ಈಗ ಒಡೆದದ್ದೂ ಅದೇ. ಈ ಕಾಗದದಲ್ಲಿ ಅಚ್ಚಾಗಿರೋದು, ‘ನಾರಿಯ ಹೆಣಿಗೆಯಿಂದ ಮೂಲೆಗಳು ಬಲಗೊಳ್ಳುತ್ತವೆ.’ ಕೇಳಿಸ್ತಾ? ಅರ್ಜಿ ಕೊಟ್ಟ ಮೇಲೆ ಹೊಸ ವಿಷಯ ಸೇರಿಸೋ ಹಾಗಿಲ್ಲ. ಆದರೆ ಸೇರಿಸಬೇಕಾಗೇ ಇಲ್ಲ. ನಿಮ್ಮ ಟೈಪಿಂಗ್ ಅಂಗಡಿಯವನು ನಲವತ್ತೊಂದು ಕಡೆ ನಿಜ ಬರೆದುಬಿಟ್ಟಿದ್ದಾನೆ.”

“ಅಂದ್ರೆ ಮೇಡಂ?”

“ತಪ್ಪು ತಿದ್ದಿದ್ರೆ ಅರ್ಜಿ ಬಿದ್ದುಹೋಗುತ್ತೆ. ತಿದ್ದದೇ ಇದ್ರೆ ನಿಲ್ಲುತ್ತೆ. ಆದರೆ ನಾರಿ ಯಾರು ಅಂತ ಹೇಳಬೇಕು, ಆಕೆಯ ಸಹಿ ಬೇಕು. ಗಡುವು ಇವತ್ತು ಐದು ಗಂಟೆಗೆ ಮುಗಿಯುತ್ತೆ.”

ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹನ್ನೆರಡು ನಿಮಿಷವಿತ್ತು.

ಅಂಟಣ್ಣ ನಮೂನೆಯನ್ನು ಕಿತ್ತುಕೊಂಡವನಂತೆ ತೆಗೆದುಕೊಂಡ. ಮೇಲೆ ‘ಆವಿಷ್ಕಾರಕರು’ ಎಂಬ ಸಾಲಿನಲ್ಲಿ ಅವನ ಹೆಸರು ಮೊದಲೇ ಇತ್ತು. ಕೆಳಗೆ ‘ಸಹಾಯ ಮಾಡಿದವರು’ ಎಂಬ ಸಾಲು ಖಾಲಿ. ದೊಡ್ಡ ಮನಸ್ಸು ಮಾಡಿ, ಅಕ್ಷರ ದುಂಡಾಗಿ ಬರುವಂತೆ, ಅಲ್ಲಿ ಹೆಂಡತಿಯ ಹೆಸರು ಬರೆದ. ಪೆನ್ನನ್ನು ಅವಳ ಕಡೆ ಚಾಚಿದ.

ಅವಳು ಓದಿದಳು. “ನಾನು ಯಾರಿಗೂ ಸಹಾಯ ಮಾಡಿಲ್ಲ,” ಎಂದಳು.

“ಮಾಡಿದ್ದೀಯಲ್ಲೇ, ನಾಲ್ಕು ಮೂಲೆ!”

“ಅದು ಸಹಾಯ ಅಲ್ಲ. ನೀವು ಕಾಫಿ ಕುಡೀತಿದ್ರಿ.”

ಪರೀಕ್ಷಕಿ ಆ ಸಾಲಿನ ಮೇಲೆ ಅಡ್ಡಗೆರೆ ಎಳೆದರು. ಮೇಜಿನ ಖಾನೆಯಿಂದ ಇನ್ನೊಂದು ನಮೂನೆ, ‘ಆವಿಷ್ಕಾರಕರು’ ಸಾಲೂ ಸೇರಿ ಪೂರಾ ಖಾಲಿಯದು, ತೆಗೆದು ಮೊದಲನೆಯದರ ಪಕ್ಕದಲ್ಲಿಟ್ಟರು. ಅಂಟಣ್ಣ ಅದನ್ನು ನೋಡಲಿಲ್ಲ. ಅವನ ಕಣ್ಣು ಗಡಿಯಾರದ ಮೇಲಿತ್ತು. ಐದಕ್ಕೆ ಏಳು ನಿಮಿಷ. ಬೀದಿ. ಬಾಗಿಲು. ಗುಮಾಸ್ತರು ಕಿಟಕಿಯಿಂದ ನೋಡುತ್ತಿರುವುದು. ಇದ್ದಕ್ಕಿದ್ದಂತೆ ಅವನ ತಲೆಯಲ್ಲಿ ದೀಪ ಹತ್ತಿಕೊಂಡಿತು. ಅವನ ಜೀವನದ ಎರಡನೆಯ ಆವಿಷ್ಕಾರ ಅದು, ಮೊದಲನೆಯದು ಅವನದಲ್ಲವೆಂದು ತಿಳಿದ ಎಂಟನೆಯ ನಿಮಿಷಕ್ಕೆ.

“ಏ, ನೋಡಿಲ್ಲಿ! ಬರೆಯೋದೇ ಬೇಕಾಗಿಲ್ಲ ಕಣೇ!” ನಮೂನೆಯ ಮೇಲಿನ ಸಾಲಿಗೆ ಬೆರಳಿಟ್ಟ. “ಏನಂತ ಇದೆ? ಆವಿಷ್ಕಾರಕ-ರು. ರು! ಬಹುವಚನ. ಒಬ್ಬರಾದ್ರೂ ಸರಿ, ಇಬ್ಬರಾದ್ರೂ ಸರಿ. ನಮ್ಮ ಬಾಗಿಲ ಮೇಲೂ ಅದೇ ಇದೆ, ಬದಲಾಯಿಸೋ ತಾಪತ್ರಯ ಇಲ್ಲ. ನನ್ನ ಹೆಸರಿನ ಪಕ್ಕ ಸುಮ್ನೆ ಒಂದು ಸಹಿ ಹಾಕಿಬಿಡು. ನೀನು ಈಗಾಗಲೇ ಆ ‘ರು’ ಒಳಗೇ ಇದ್ದೀಯ!”

ಹೆಂಡತಿ ಮೊಣಕೈ ಕೆರೆದುಕೊಳ್ಳುವುದನ್ನು ನಿಲ್ಲಿಸಿದಳು. ಮೇಲಿನ ಸಾಲನ್ನು ನೋಡಿದಳು. ಪಕ್ಕದ ಖಾಲಿ ನಮೂನೆಯನ್ನು ನೋಡಿದಳು. ಕೊಯ್ದು ಬಿದ್ದಿದ್ದ ತನ್ನ ತೊಟ್ಟಿಯನ್ನು ನೋಡಿದಳು. ಗಂಡ ಚಾಚಿದ ಪೆನ್ನನ್ನು ಒಂದು ಬೆರಳಿನಿಂದ ಮೆಲ್ಲಗೆ ಅವನ ಕಡೆಗೇ ತಳ್ಳಿದಳು.

“ಅದು ನಿಮ್ಮ ಗೌರವದ ‘ರು’,” ಎಂದಳು. “ಅದರೊಳಗೆ ನಾನು ಕೂರಲ್ಲ.”